ಬ್ಯಾಟರಿ ಉಳಿಸೋಕೆ ಯಾರು ಏನು ಬಿಡಬೇಕು?

ನಲವತ್ತನ್ನು ಇಪ್ಪತ್ತೈದರಿಂದ ಭಾಗಿಸಿ. ಒಂದೂವರೆಗಿಂತ ಚೂರು ಜಾಸ್ತಿ ಬರುತ್ತದೆ. 2022ರಲ್ಲಿ ಬಂದ ಮೊದಲ ಸ್ಟೀಮ್ ಡೆಕ್‌ನಲ್ಲಿ, ಅಂದರೆ ಕೈಯಲ್ಲಿ ಹಿಡಿದು ಗೇಮ್ ಆಡುವ ಪುಟ್ಟ ಕಂಪ್ಯೂಟರಿನಲ್ಲಿ, ಯಾವ ಸೆಟ್ಟಿಂಗನ್ನೂ ಮುಟ್ಟದೆ ಒಂದು ದೊಡ್ಡ ಗೇಮ್ ಆಡಲು ಕೂತರೆ ಸಿಗುವುದು ಅಷ್ಟೇ ಗಂಟೆ. ಅದರ ಬ್ಯಾಟರಿ 40 ವ್ಯಾಟ್-ಅವರ್, ಅಂದರೆ 40 ವ್ಯಾಟ್ ತಿಂದರೆ ಒಂದು ಗಂಟೆ ಬರುವಷ್ಟು. ಚಿಪ್ ಒಂದೇ 15 ವ್ಯಾಟ್‌ವರೆಗೆ ತಿನ್ನುತ್ತದೆ. ಅದರ ಮೇಲೆ ಸ್ಕ್ರೀನು, ಮೆಮರಿ, ವೈಫೈ, ಫ್ಯಾನು, ಸ್ಪೀಕರು ಎಲ್ಲ ಸೇರಿ ಲೆಕ್ಕ 25ರ ಹತ್ತಿರ ಹೋಗಿ ನಿಲ್ಲುತ್ತದೆ. ಕಂಪನಿ ಹೇಳುವುದು '2ರಿಂದ 8 ಗಂಟೆ'. ಅದು ಪೂರ್ತಿ ಸುಳ್ಳೇನಲ್ಲ. ಅದೇ ಮೆಷಿನ್‌ನಲ್ಲಿ ಹಳೇ ಕಾಲದ ಪಿಕ್ಸೆಲ್ ಆಟ ಹಾಕಿ, ಬ್ರೈಟ್‌ನೆಸ್ ತಗ್ಗಿಸಿ, ವೈಫೈ ಆಫ್ ಮಾಡಿದರೆ ಏಳು ವ್ಯಾಟ್ ಆಸುಪಾಸಿನಲ್ಲೇ ಕೆಲಸ ಆಗಿಬಿಡುತ್ತದೆ. ಆಗ ಐದೂವರೆ ಗಂಟೆ ಆರಾಮಾಗಿ ಸಿಗುತ್ತದೆ.

ಒಂದೇ ಮೆಷಿನ್, ಒಂದೇ ಬ್ಯಾಟರಿ, ಮೂರು ನಾಲ್ಕು ಪಟ್ಟು ವ್ಯತ್ಯಾಸ. ಫೋನಿನಲ್ಲಿ ಇಷ್ಟು ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಬ್ಯಾಟರಿ ಸೇವರ್ ಹಾಕಿದರೆ ಏನೋ ಒಂದಿಷ್ಟು ಉಳಿಯಿತು ಅಂತ ಸಮಾಧಾನ ಮಾಡಿಕೊಳ್ಳುತ್ತೇವೆ, ಅಷ್ಟೇ. ಕೈಯಲ್ಲಿ ಹಿಡಿದು ಆಡುವ ಕನ್ಸೋಲ್ ಹಾಗಲ್ಲ. ಇಲ್ಲಿ ಏನಾದರೂ ಬಿಟ್ಟರೆ ತಕ್ಷಣ ಗಂಟೆಗಳ ಲೆಕ್ಕದಲ್ಲಿ ವಾಪಸ್ ಸಿಗುತ್ತದೆ. ಬಣ್ಣ ಬಿಡಬಹುದು, ಬೆಳಕು ಬಿಡಬಹುದು, ಸ್ಪೀಡ್ ಬಿಡಬಹುದು. ಆದರೆ ಬಿಡುವ ತೀರ್ಮಾನ ಯಾರದು? ಮೆಷಿನ್ ಮಾಡಿದವನದಾ, ಗೇಮ್ ಬರೆದವನದಾ, ಆಡುವವನದಾ? ಈ ಕನ್ಸೋಲ್‌ಗಳ ಮೂವತ್ತೈದು ವರ್ಷದ ಕಥೆಯನ್ನು ನಾನು ಈ ಪ್ರಶ್ನೆ ಇಟ್ಟುಕೊಂಡೇ ನೋಡೋದು.

ಮೊದಲು ಒಂದು ವಿಷಯ. ಇವತ್ತು ಇದು ದುಡ್ಡಿನ ಪ್ರಶ್ನೆ ಅಲ್ಲವೇ ಅಲ್ಲ. ನಮ್ಮ ಮನೆ ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ 1000 ವ್ಯಾಟ್-ಅವರ್. 40 ಅಂದರೆ ಅದರಲ್ಲಿ ಇಪ್ಪತ್ತೈದನೇ ಒಂದು ಪಾಲು. ಯೂನಿಟ್ಟಿಗೆ ಆರೇಳು ರೂಪಾಯಿ ಅಂತ ಹಿಡಿಯಿರಿ, ಚಾರ್ಜರಿನಲ್ಲಿ ಬಿಸಿಯಾಗಿ ವೇಸ್ಟ್ ಆಗುವುದನ್ನೂ ಸೇರಿಸಿ. ಆದರೂ ಒಂದು ಫುಲ್ ಚಾರ್ಜಿಗೆ ಮೂವತ್ತು ನಲವತ್ತು ಪೈಸೆ ದಾಟುವುದಿಲ್ಲ. ಉಳಿಸಬೇಕಾಗಿರೋದು ಹೊತ್ತು ಮಾತ್ರ.

ತೊಂಬತ್ತರ ದಶಕದಲ್ಲಿ ಹೀಗಿರಲಿಲ್ಲ. ಆಗ ನಮ್ಮ ಕೈಗೆ ಸಿಕ್ಕಿದ್ದು ಬ್ರಿಕ್ ಗೇಮ್. ಜಾತ್ರೆಯಲ್ಲೋ ಮೆಜೆಸ್ಟಿಕ್ ಫುಟ್‌ಪಾತಿನಲ್ಲೋ ಕೊಂಡ, ಡಬ್ಬದ ಮೇಲೆ ಸಾವಿರಾರು ಆಟ ಇದೆ ಅಂತ ಬರೆದ, ಒಳಗೆ ಹತ್ತಿಪ್ಪತ್ತು ಆಟವೂ ಇಲ್ಲದ ಪ್ಲಾಸ್ಟಿಕ್ ಮೆಷಿನ್. ಎರಡು ಪೆನ್ಸಿಲ್ ಶೆಲ್ಲು ಹಾಕಬೇಕು. ಶೆಲ್ಲಿಗೆ ಅಪ್ಪ ದುಡ್ಡು ಕೊಡಬೇಕು. ಕೊಡದಿದ್ದರೆ ಟಿವಿ ರಿಮೋಟಿನ ಹಿಂದಿನ ಮುಚ್ಚಳ ತೆಗೆಯುವುದು, ಸಂಜೆ ನ್ಯೂಸ್ ಹೊತ್ತಿಗೆ ಬೈಸಿಕೊಳ್ಳುವುದು. ಶೆಲ್ಲು ಸಾಯುತ್ತಾ ಬಂದ ಹಾಗೆ ಸ್ಕ್ರೀನಿನ ಮೇಲಿನ ಕಪ್ಪು ಚೌಕಗಳು ತೆಳ್ಳಗಾಗುತ್ತಾ ಹೋಗುತ್ತಿದ್ದವು. ಮೆಷಿನ್ನನ್ನು ಓರೆ ಹಿಡಿದು, ಕಣ್ಣು ಕಿರಿದು ಮಾಡಿ ಆಡುತ್ತಿದ್ದೆವು. ಆಮೇಲೆ ಹೆಬ್ಬೆರಳಲ್ಲಿ ಶೆಲ್ಲನ್ನು ಇದ್ದಲ್ಲೇ ತಿರುಗಿಸೋದು, ಹಲ್ಲಲ್ಲಿ ಕಚ್ಚೋದು, ಬಿಸಿಲಿಗೆ ಒಣಗಿಸೋದು. ಕಚ್ಚೋದನ್ನು ಬಿಡಿ, ಅದನ್ನು ಯಾರೂ ಮಾಡಬಾರದು. ಉಳಿದೆರಡಕ್ಕೆ ಅರ್ಥ ಇದೆ. ತಿರುಗಿಸಿದರೆ ತುದಿಯಲ್ಲಿ ಕೂತ ಮಸಿ ಉಜ್ಜಿ ಹೋಗಿ ಕನೆಕ್ಷನ್ ಸರಿಯಾಗುತ್ತದೆ. ಬಿಸಿ ತಾಗಿದರೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ ಇನ್ನೊಂದಿಷ್ಟು ಹೊತ್ತು ವೋಲ್ಟೇಜ್ ಎದ್ದು ನಿಲ್ಲುತ್ತದೆ. ಯಾರೂ ಹೇಳಿಕೊಡದೆ ಇಡೀ ಕರ್ನಾಟಕದ ಹುಡುಗರಿಗೆಲ್ಲ ಇದು ಗೊತ್ತಿತ್ತು.

ಆ ಬ್ರಿಕ್ ಗೇಮಿಗೆ ದಾರಿ ತೋರಿಸಿದ ಮೆಷಿನ್, ನಿಂಟೆಂಡೊ ಕಂಪನಿಯ ಗೇಮ್ ಬಾಯ್, ಜಪಾನಿನಲ್ಲಿ 1989ರ ಏಪ್ರಿಲ್‌ನಲ್ಲಿ ಬಂತು. ಅದರ ಹಿಂದಿದ್ದ ಗುನ್‌ಪೇ ಯೊಕೊಯಿ ಅನ್ನುವ ಇಂಜಿನಿಯರ್‌ಗೆ ಒಂದು ಹಟ ಇತ್ತು. ಎಲ್ಲರೂ ನೋಡಿ ನೋಡಿ ಹಳೇದಾದ, ಹಾಗಾಗಿಯೇ ಅಗ್ಗವಾದ ಮತ್ತು ಕೈಕೊಡದ ಸಾಮಾನನ್ನೇ ತಗೊಂಡು ಹೊಸ ಥರ ಬಳಸಬೇಕು ಅನ್ನೋದು. ಹಾಗಾಗಿ ಗೇಮ್ ಬಾಯ್‌ಗೆ ಬಣ್ಣ ಇರಲಿಲ್ಲ. ಹಸಿರು ಮಿಶ್ರಿತ ಬೂದು ಸ್ಕ್ರೀನು, ಅದರಲ್ಲಿ ನಾಲ್ಕೇ ಛಾಯೆ. ಹಿಂದೆ ಲೈಟೂ ಇಲ್ಲ. ಕತ್ತಲಾದರೆ ಆಟ ಬಂದ್. ಪ್ರೊಸೆಸರ್ 4 ಮೆಗಾಹರ್ಟ್ಜ್ ಚಿಲ್ಲರೆ, ಆ ಕಾಲಕ್ಕೂ ನಿಧಾನದ್ದೇ. ಇಷ್ಟೆಲ್ಲ ಬಿಟ್ಟಿದ್ದಕ್ಕೆ ಪ್ರತಿಯಾಗಿ ನಾಲ್ಕು ಪೆನ್ಸಿಲ್ ಸೆಲ್‌ನಲ್ಲಿ ಹದಿನೈದು ಗಂಟೆ ಹತ್ತಿರ ಓಡುತ್ತಿತ್ತು.

ಅದೇ ವರ್ಷ ಅಟಾರಿಯವರ ಲಿಂಕ್ಸ್ ಬಂತು. ಬಣ್ಣ ಇತ್ತು, ಹಿಂದೆ ಬೆಳಕಿತ್ತು. ಮರುವರ್ಷ ಸೆಗಾದ ಗೇಮ್ ಗೇರ್ ಬಂತು, ಅದರಲ್ಲೂ ಎರಡೂ ಇತ್ತು. ಎರಡಕ್ಕೂ ಆರಾರು ಸೆಲ್ ಬೇಕು. ಲಿಂಕ್ಸ್ ನಾಲ್ಕೈದು ಗಂಟೆ, ಗೇಮ್ ಗೇರ್ ಮೂರರಿಂದ ಐದು ಗಂಟೆ. ಗೇಮ್ ಗೇರ್ ಸ್ಕ್ರೀನಿನ ಹಿಂದೆ ಇದ್ದದ್ದು ಒಂದು ಪುಟಾಣಿ ಟ್ಯೂಬ್‌ಲೈಟು. ಸೆಲ್ಲಿನ ಕಸುವಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. ಅಂಗಡಿಯ ಶೋಕೇಸಿನಲ್ಲಿ ಪಕ್ಕಪಕ್ಕ ಇಟ್ಟರೆ ಗೇಮ್ ಬಾಯ್ ಪಾಪದ್ದು ಅನಿಸುತ್ತಿತ್ತು, ನಿಜ. ಆದರೆ ಮನೆಗೆ ತಂದ ಮೇಲೆ ಸೆಲ್ ಕೊಡಿಸುವವರು ಮಕ್ಕಳಲ್ಲ, ಅಪ್ಪ ಅಮ್ಮ. ಕಲರ್ ಮಾಡೆಲ್ಲೂ ಸೇರಿ ಗೇಮ್ ಬಾಯ್ ಹನ್ನೊಂದು ಕೋಟಿಗೂ ಹೆಚ್ಚು ಮಾರಾಟವಾಯಿತು. ಸೆಲ್ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಬೆಲೆಯೂ ಕಡಿಮೆ ಇತ್ತು, ಗೇಮ್‌ಗಳೂ ಚೆನ್ನಾಗಿದ್ದವು.

ಈ ಮೆಷಿನ್ನಿನಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಹೊರಗೆ ಕಾಣೋದಿಲ್ಲ. ಅದರ ಪ್ರೊಸೆಸರಿಗೆ ಹಾಲ್ಟ್ ಅಂತ ಒಂದು ಆಜ್ಞೆ ಇತ್ತು. ಸ್ಕ್ರೀನ್ ಸೆಕೆಂಡಿಗೆ ಹತ್ತಿರ ಹತ್ತಿರ 60 ಸಲ ಹೊಸದಾಗುತ್ತದೆ. ಆ ಒಂದು ಸಲದ ಕೆಲಸ, ಅಂದರೆ ಬಟನ್ ಒತ್ತಿದ್ದಾರಾ ನೋಡೋದು, ಗೊಂಬೆಯನ್ನು ಸರಿಸೋದು, ಡಿಕ್ಕಿ ಆಯ್ತಾ ಅಂತ ಲೆಕ್ಕ ಹಾಕೋದು, ಬೇಗ ಮುಗಿದುಹೋದರೆ ಮಿಕ್ಕ ಹೊತ್ತು ಪ್ರೊಸೆಸರ್ ಏನು ಮಾಡಬೇಕು? ಸುಮ್ನೆ ಒಂದೇ ಜಾಗದಲ್ಲಿ ಸುತ್ತು ಹೊಡೆಯುತ್ತಾ 'ಮುಂದಿನ ಸಲ ಬಂತಾ, ಬಂತಾ' ಅಂತ ಕೇಳುತ್ತಾ ಕೂರಬಹುದು. ಇಲ್ಲವೇ ಹಾಲ್ಟ್ ಕೊಟ್ಟು ಮಲಗಿಬಿಡಬಹುದು. ಸಮಯ ಆದಾಗ ಸ್ಕ್ರೀನೇ ಎಬ್ಬಿಸುತ್ತದೆ. ಆಡುವವನಿಗೆ ಎರಡೂ ಒಂದೇ ಥರ ಕಾಣುತ್ತದೆ. ಆದರೆ ಹಾಲ್ಟ್ ಬಳಸಿದ ಗೇಮಿನಲ್ಲಿ ಸೆಲ್ ಜಾಸ್ತಿ ಹೊತ್ತು ಬರುತ್ತದೆ. ಅಂದರೆ ಯಾವುದೋ ಊರಿನ ಪ್ರೋಗ್ರಾಮರ್ ಒಬ್ಬ ಒಂದು ಸಾಲು ಬರೆದನೋ ಇಲ್ಲವೋ ಅನ್ನುವುದರ ಮೇಲೆ ಇನ್ಯಾವುದೋ ಊರಿನ ಹುಡುಗನ ಜೇಬುಖರ್ಚು ನಿಂತಿತ್ತು.

ಯೊಕೊಯಿ 1996ರಲ್ಲಿ ನಿಂಟೆಂಡೊ ಬಿಟ್ಟರು. ಮರುವರ್ಷ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕೊನೆಯಲ್ಲಿ ಅವರು ಕೈ ಹಾಕಿದ್ದ ವಂಡರ್‌ಸ್ವಾನ್ ಅನ್ನುವ ಮೆಷಿನ್ ಬಂದಾಯಿ ಕಂಪನಿಯಿಂದ 1999ರಲ್ಲಿ ಹೊರಬಂತು. ಅದಕ್ಕೆ ಬೇಕಿದ್ದದ್ದು ಒಂದೇ ಒಂದು ಪೆನ್ಸಿಲ್ ಸೆಲ್. ಅದರಲ್ಲೇ ಮೂವತ್ತು ಗಂಟೆ ಆಸುಪಾಸು! ಕೊನೆಯವರೆಗೂ ಮನುಷ್ಯ ತನ್ನ ಹಟ ಬಿಟ್ಟಿರಲಿಲ್ಲ.

ಆದರೆ ಒಂದು ತಕರಾರಿದೆ. ಫ್ಯಾಕ್ಟರಿಯಲ್ಲೇ ತೀರ್ಮಾನ ಆಗಿಬಿಟ್ಟರೆ ಅದು ಎಲ್ಲರಿಗೂ ಅನ್ವಯ. ಮನೆಯಲ್ಲಿ ಅಡಾಪ್ಟರ್ ಚುಚ್ಚಿಕೊಂಡು ಆಡುವ ಹುಡುಗನಿಗೂ ಬಣ್ಣ ಇಲ್ಲ, ರಾತ್ರಿ ಹಾಸಿಗೆಯಲ್ಲಿ ಅರ್ಧ ಗಂಟೆ ಆಡೋಣ ಅನ್ನುವವನಿಗೂ ಬೆಳಕಿಲ್ಲ. ಬೇಕು ಅಂದವನಿಗೂ ಸಿಗದ ಹಾಗೆ ಉಳಿಸೋದು ಅಂದರೆ ಅದು ಉಳಿತಾಯ ಹೌದು, ಸ್ವಲ್ಪ ಹಿರಿಯಣ್ಣನ ದರ್ಪವೂ ಹೌದು. 2003ರ ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿಯಲ್ಲಿ ಇದಕ್ಕೊಂದು ಸರಳ ಉತ್ತರ ಬಂತು. ಒಳಗೆ ಚಾರ್ಜ್ ಮಾಡುವ ಲಿಥಿಯಂ ಬ್ಯಾಟರಿ, ಸ್ಕ್ರೀನಿಗೆ ಲೈಟು, ಆ ಲೈಟಿಗೊಂದು ಬಟನ್ನು. ಹಾಕಿಕೊಂಡರೆ ಹತ್ತು ಗಂಟೆ, ಆರಿಸಿದರೆ ಹದಿನೆಂಟು. ಆಯ್ಕೆ ನಿನ್ನದು ಅಂತ ಆಡುವವನ ಕೈಗೆ ಬಂದ ಮೊದಲ ಬಟನ್‌ಗಳಲ್ಲಿ ಅದೂ ಒಂದು.

ನಮ್ಮ ಕಡೆ ಜನ ನಿಜವಾಗಿ ಕೊಂಡು ಆಡಿದ್ದು ಸೋನಿಯ ಪಿಎಸ್‌ಪಿ. ಕಾಲೇಜಿನ ಹಾಸ್ಟೆಲ್‌ಗಳಲ್ಲಿ ಒಂದು ಪಿಎಸ್‌ಪಿ ಸುತ್ತ ಐದು ಜನ ಕೂತಿರುತ್ತಿದ್ದರು. ಅದರಲ್ಲಿ ಎರಡು ಸ್ವಾರಸ್ಯ. ಒಂದು, ಗೇಮ್ ಇರುತ್ತಿದ್ದದ್ದು ತಿರುಗುವ ಪುಟ್ಟ ಡಿಸ್ಕಿನಲ್ಲಿ. ಡಿಸ್ಕ್ ತಿರುಗಿಸುವ ಮೋಟಾರಿಗೂ ಬ್ಯಾಟರಿಯೇ ಗತಿ. ಲೋಡ್ ಆಗುವಾಗ ಒಳಗೆ ಗರಗರ ಅಂತ ಕೇಳಿಸುತ್ತಿತ್ತಲ್ಲ, ಅದು ಚಾರ್ಜ್ ಹೋಗುವ ಸದ್ದು. ಇನ್ನೊಂದು, ಪ್ರೊಸೆಸರಿಗೆ 333 ಮೆಗಾಹರ್ಟ್ಜ್‌ವರೆಗೆ ಓಡುವ ತಾಕತ್ತಿದ್ದರೂ ಮೊದಲ ಎರಡು ವರ್ಷ ಗೇಮ್ ಮಾಡುವವರಿಗೆ 222ರ ಮೇಲೆ ಹೋಗಲು ಬಿಡಲಿಲ್ಲ. 2007ರಲ್ಲಿ ಒಂದು ಅಪ್‌ಡೇಟ್ ಬಂದ ಮೇಲೆ ಬೇಲಿ ತೆಗೆದರು. ಮೆಷಿನ್ ಅದೇ, ದುಡ್ಡು ಕೊಟ್ಟು ಕೊಂಡವರೂ ಅವರೇ, ಮೂರನೇ ಒಂದು ಪಾಲು ಸ್ಪೀಡು ಮಾತ್ರ ಕಂಪನಿಯ ಕಪಾಟಿನಲ್ಲಿ ಬೀಗ ಹಾಕಿಕೊಂಡಿತ್ತು.

ನಿಂಟೆಂಡೊ ಸ್ವಿಚ್‌ನಲ್ಲಿ ಇದೇ ಪದ್ಧತಿ ಇನ್ನೂ ನಯವಾಗಿ ಮುಂದುವರಿಯಿತು. ಟಿವಿಗೆ ಸಿಕ್ಕಿಸಿದಾಗ ಅದರ ಗ್ರಾಫಿಕ್ಸ್ ಭಾಗ 768 ಮೆಗಾಹರ್ಟ್ಜ್‌ನಲ್ಲಿ ಓಡುತ್ತದೆ. ಕೈಗೆತ್ತಿಕೊಂಡ ಕ್ಷಣ ಅದರ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಎಷ್ಟು ಅಂತ ಗೇಮ್ ಮಾಡಿದವರು ಮೊದಲೇ ಕೊಟ್ಟಿರುವ ಪಟ್ಟಿಯಿಂದ ಆರಿಸಿಕೊಂಡಿರುತ್ತಾರೆ. ನಮಗೆ ಗೊತ್ತೇ ಆಗುವುದಿಲ್ಲ. ನಮ್ಮ ಕೈಲಿರುವುದು ಬ್ರೈಟ್‌ನೆಸ್ ಮತ್ತು ಏರೋಪ್ಲೇನ್ ಮೋಡ್, ಮುಗೀತು. ಇದು ನನಗೆ ಬೇಸರವೇನಲ್ಲ. ಕೆಲವು ದಿನ ಹೀಗೆ ಯಾರೋ ಯೋಚನೆ ಮಾಡಿಟ್ಟಿರೋದೇ ಆರಾಮ. 2017ರ ಮೊದಲ ಮಾಡೆಲ್ ಎರಡೂವರೆಯಿಂದ ಆರೂವರೆ ಗಂಟೆ ಬರುತ್ತಿತ್ತು. 2019ರಲ್ಲಿ ಬಂದದ್ದು ನಾಲ್ಕೂವರೆಯಿಂದ ಒಂಬತ್ತು. ಬ್ಯಾಟರಿ ಬದಲಾಗಿರಲಿಲ್ಲ, ಎರಡರಲ್ಲೂ 4310 ಎಂಎಎಚ್. ಬದಲಾಗಿದ್ದು ಚಿಪ್. ಅದನ್ನು ತಯಾರಿಸುವ ಸೂಕ್ಷ್ಮ ಅಳತೆ 20 ನ್ಯಾನೋಮೀಟರ್‌ನಿಂದ 16ಕ್ಕೆ ಇಳಿದಿತ್ತು, ಹಾಗಾಗಿ ಕರೆಂಟ್ ಕಡಿಮೆ ತಿನ್ನುತ್ತಿತ್ತು. ಸ್ವಿಚ್ಚನ್ನು ಇಲ್ಲಿ ಅಧಿಕೃತವಾಗಿ ಮಾರುವುದಿಲ್ಲವಲ್ಲ, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ ಥರದ ಕಡೆ ಇಂಪೋರ್ಟ್ ಮಾಲಿಗೆ ಚೌಕಾಸಿ ಮಾಡುವಾಗ ಡಬ್ಬದ ಕೆಳಗೆ ಸೀರಿಯಲ್ ನಂಬರ್ ನೋಡಬೇಕು. ಎಕ್ಸ್‌ಕೆಡಬ್ಲ್ಯು ಅಂತ ಶುರುವಾದರೆ ಹೊಸದು, ಎಕ್ಸ್‌ಎಡಬ್ಲ್ಯು ಅಂದರೆ ಹಳೇದು. ಎರಡು ಅಕ್ಷರದ ನಡುವೆ ಎರಡು ಗಂಟೆ ಆಟ.

ಇನ್ನು ಸ್ಟೀಮ್ ಡೆಕ್. ನನ್ನದು ಅಮೆರಿಕದಿಂದ ಬಂದ ಗೆಳೆಯರೊಬ್ಬರ ಹ್ಯಾಂಡ್‌ಬ್ಯಾಗಿನಲ್ಲಿ ಬಂದ ಮೊದಲ ಮಾಡೆಲ್. ಇಲ್ಲಿ ಕಂಪನಿ ಏನನ್ನೂ ತೀರ್ಮಾನ ಮಾಡಿಲ್ಲ, ಎಲ್ಲ ಗುಬುಟುಗಳನ್ನೂ ನಮ್ಮ ಕೈಗೇ ಕೊಟ್ಟುಬಿಟ್ಟಿದೆ. ಬಲಗಡೆ ಮೂರು ಚುಕ್ಕೆಯ ಬಟನ್ ಒತ್ತಿದರೆ ಸಾಕು, ಚಿಪ್ ಎಷ್ಟು ವ್ಯಾಟ್ ಮೀರಬಾರದು, ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಮೀರಬಾರದು, ಸ್ಕ್ರೀನ್ ಎಷ್ಟು ಹರ್ಟ್ಜ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಹೊಸದಾಗಬೇಕು, ಎಲ್ಲ ಸಾಲಾಗಿ ಬರುತ್ತದೆ. ಪ್ರತಿ ಗೇಮಿಗೂ ಬೇರೆ ಬೇರೆ ಇಟ್ಟುಕೊಳ್ಳಬಹುದು. ಸ್ಕ್ರೀನಿನ ಮೂಲೆಯಲ್ಲಿ ಈ ಕ್ಷಣ ಎಷ್ಟು ವ್ಯಾಟ್ ಹೋಗುತ್ತಿದೆ ಅಂತ ಅಂಕಿಯೂ ಕಾಣುತ್ತದೆ. ಆಟೋ ಮೀಟರ್ ಥರ. ಒಮ್ಮೆ ಅದನ್ನು ಆನ್ ಮಾಡಿದ ಮೇಲೆ ಕಣ್ಣು ಆಟದ ಮೇಲೆ ನಿಲ್ಲೋದೇ ಇಲ್ಲ.

ಈ ಗುಬುಟುಗಳಲ್ಲಿ ನಿಜವಾಗಿ ಬುದ್ಧಿವಂತಿಕೆ ಇರುವುದು 40 ಹರ್ಟ್ಜ್‌ನಲ್ಲಿ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಫ್ರೇಮಿಗೆ 16.7 ಮಿಲಿಸೆಕೆಂಡ್. 30 ಫ್ರೇಮ್ ಅಂದರೆ 33.3. ಇವೆರಡರ ನಟ್ಟನಡುವೆ ಎಷ್ಟು? 25 ಮಿಲಿಸೆಕೆಂಡ್. ಅದು 45 ಫ್ರೇಮ್ ಅಲ್ಲ, 40. ಫ್ರೇಮಿನ ಲೆಕ್ಕದಲ್ಲಿ 30ರಿಂದ ಹತ್ತೇ ಮೇಲೆ ಬಂದಿದ್ದೀವಿ, ಕಣ್ಣಿನ ಲೆಕ್ಕದಲ್ಲಿ ಅರ್ಧ ದಾರಿ ಬಂದಿರುತ್ತೀವಿ. ಸಾಮಾನ್ಯ 60 ಹರ್ಟ್ಜ್ ಸ್ಕ್ರೀನಿನಲ್ಲಿ 40 ಫ್ರೇಮ್ ತೋರಿಸಿದರೆ ಒಂದು ಫ್ರೇಮ್ ಒಂದು ಸಲ, ಮುಂದಿನದು ಎರಡು ಸಲ ಕಂಡು ಕುಲುಕುತ್ತದೆ. ಅದಕ್ಕೇ ಡೆಕ್‌ನಲ್ಲಿ ಸ್ಕ್ರೀನನ್ನೇ 40 ಹರ್ಟ್ಜ್‌ಗೆ ಇಳಿಸಲು ಬಿಡುತ್ತಾರೆ. ನನ್ನ ಅಕ್ಕನ ಮಗನ ಕೈಗೆ ಏನೂ ಹೇಳದೆ ಕೊಟ್ಟು ನೋಡಿದ್ದೇನೆ. 30ಕ್ಕೆ ಇಳಿಸಿದ ತಕ್ಷಣ "ಮಾವ, ಇದೇನೋ ತಡೀತಾ ಇದೆ" ಅಂದ. 40ರಲ್ಲಿ ತುಟಿ ಪಿಟಕ್ ಅನ್ನಲಿಲ್ಲ. ಆದರೆ ಬ್ರೈಟ್‌ನೆಸ್ ಎರಡು ಮೆಟ್ಟಿಲು ಇಳಿಸಿದ್ದು ಗೊತ್ತಾಗಿ ಜಗಳಕ್ಕೇ ಬಂದ.

ವ್ಯಾಟ್ ಮಿತಿಯದ್ದೂ ಸ್ವಲ್ಪ ಹೇಳಬೇಕು. ಚಿಪ್ಪಿನ ಸ್ಪೀಡ್ ಏರಿಸಬೇಕಾದರೆ ವೋಲ್ಟೇಜೂ ಏರಿಸಬೇಕು. ವೋಲ್ಟೇಜ್ ಏರಿದರೆ ಕರೆಂಟಿನ ಖರ್ಚು ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಕೊನೆಯ ಒಂದಿಷ್ಟು ಸ್ಪೀಡಿಗೆ ಕೊಡುವ ಬೆಲೆ ವಿಪರೀತ ಜಾಸ್ತಿ. ಇದನ್ನೇ ತಿರುಗಿಸಿ ನೋಡಿದರೆ, ತುದಿಯಿಂದ ಸ್ವಲ್ಪ ಕೆಳಗಿಳಿದರೂ ಉಳಿತಾಯ ದೊಡ್ಡದು. 15 ವ್ಯಾಟಿನ ಮಿತಿಯನ್ನು 8ಕ್ಕೆ ತಂದರೆ ಸ್ಪೀಡ್ ಅರ್ಧ ಆಗಿಬಿಡುತ್ತದೆ ಅಂತ ಭಯ ಬೀಳಬೇಡಿ, ಅಷ್ಟು ಬೀಳುವುದಿಲ್ಲ. ಆದರೆ ಫ್ರೇಮ್ ಮಿತಿ ಹಾಕಿದ್ದರೆ ಇದಕ್ಕೆ ಕೈ ಹಾಕಬೇಕಾದ ಅಗತ್ಯವೇ ಎಷ್ಟೋ ಸಲ ಬರುವುದಿಲ್ಲ. ಕೆಲಸ ಕಡಿಮೆ ಮಾಡು ಅಂದರೆ ಚಿಪ್ ತಾನೇ ಮಿಕ್ಕ ಹೊತ್ತು ಮಲಗುತ್ತದೆ. ಗೇಮ್ ಬಾಯ್‌ನ ಹಾಲ್ಟ್ ಹೇಗೋ ಹಾಗೆ.

ಬೆಳಕಿನ ವಿಷಯಕ್ಕೆ ಬಂದರೆ, ಬ್ರೈಟ್‌ನೆಸ್ ಇಳಿಸಿ ಅನ್ನುವ ಸಲಹೆಯನ್ನು ಎಲ್ಲರೂ ಕೊಡುತ್ತಾರೆ. ಅದು ಯಾವಾಗ ಲಾಭ ಅಂತ ಹೇಳುವವರು ಕಡಿಮೆ. ಎಲ್‌ಸಿಡಿ ಸ್ಕ್ರೀನಿನಲ್ಲಿ ಬೆಳಕು ತಗ್ಗಿಸಿದರೆ ಸುಮಾರು ಒಂದೆರಡು ವ್ಯಾಟ್ ಉಳಿಯಬಹುದು. 25 ವ್ಯಾಟ್ ತಿನ್ನುವ ಗೇಮಿನಲ್ಲಿ ಅದು ಐದು ನಿಮಿಷ ಹತ್ತು ನಿಮಿಷದ ಮಾತು. 8 ವ್ಯಾಟಿನ ಸಣ್ಣ ಗೇಮಿನಲ್ಲಿ ಅದೇ ಒಂದೆರಡು ವ್ಯಾಟ್ ಅಂದರೆ ಮುಕ್ಕಾಲು ಗಂಟೆಯೋ ಒಂದೂವರೆ ಗಂಟೆಯೋ. ದೊಡ್ಡ ಗೇಮಿಗೆ ಚಿಪ್ ಹಿಡಿಯಿರಿ, ಸಣ್ಣ ಗೇಮಿಗೆ ಸ್ಕ್ರೀನ್ ಹಿಡಿಯಿರಿ. 2023ರ ಓಎಲ್‌ಇಡಿ ಮಾಡೆಲ್‌ನಲ್ಲಿ ಕಪ್ಪು ಇರುವ ಕಡೆ ಸ್ಕ್ರೀನ್ ಉರಿಯುವುದೇ ಇಲ್ಲ, ಹಾಗಾಗಿ ಗುಹೆಯೊಳಗಿನ ಆಟಕ್ಕೂ ಹಿಮದ ಮೇಲಿನ ಆಟಕ್ಕೂ ಖರ್ಚು ಬೇರೆ. ಎಲ್‌ಸಿಡಿಯಲ್ಲಿ ಕಪ್ಪಿಗೂ ಬಿಳಿಗೂ ಹಿಂದಿನ ಲೈಟು ಒಂದೇ, ಅಲ್ಲಿ ಡಾರ್ಕ್ ಥೀಮ್ ಹಾಕಿ ಉಳಿಸುತ್ತೀನಿ ಅನ್ನೋದು ಬರೀ ಭ್ರಮೆ. ಆಟೋ ಬ್ರೈಟ್‌ನೆಸ್ ಸಾಮಾನ್ಯವಾಗಿ ಒಳ್ಳೇದೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ ಮಾತ್ರ ಬೇಡ. 57 ಸುರಂಗ ಇವೆ. ಕತ್ತಲೆ, ಬಿಸಿಲು, ಕತ್ತಲೆ, ಬಿಸಿಲು. ಸೆನ್ಸರ್ ಒಂದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಅಲ್ಲಿ ಗೇಮ್ ಯಾಕೆ ಆಡಬೇಕು, ಕಿಟಕಿ ನೋಡಿ ಅನ್ನಬಹುದು. ಸರಿ, ಅದೂ ನಿಜವೇ.

ಜನ ಗಮನಿಸದೆ ಚಾರ್ಜ್ ಕಳೆದುಕೊಳ್ಳುವ ಜಾಗ ಇನ್ನೊಂದಿದೆ. ಪಾಜ್ ಮಾಡೋದು. ಯಾರೋ ಬಂದರು, ಗೇಮ್ ನಿಲ್ಲಿಸಿ ಪಕ್ಕಕ್ಕಿಟ್ಟು ಮಾತಿಗೆ ಕೂತಿರಿ. ಗೊಂಬೆ ನಿಂತಿದೆ, ಆದರೆ ಚಿಪ್ ನಿಂತಿಲ್ಲ. ಎಷ್ಟೋ ಗೇಮ್‌ಗಳು ಪಾಜ್ ಮೆನುವಿನ ಹಿಂದೆ ಅದೇ ಕಾಡು, ಅದೇ ಮಳೆ, ಅದೇ ನೆರಳನ್ನು ಸೆಕೆಂಡಿಗೆ ಅಷ್ಟೇ ಸಲ ಬರೆಯುತ್ತಾ ಕೂತಿರುತ್ತವೆ. ಇನ್ನು ಕೆಲವು ಗೇಮಿನ ಮೆನುವಿಗೆ ಫ್ರೇಮ್ ಮಿತಿಯೇ ಇರುವುದಿಲ್ಲ, ಆಟಕ್ಕಿಂತ ಮೆನುವೇ ಜಾಸ್ತಿ ಬಿಸಿ ಮಾಡುತ್ತದೆ. ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಹತ್ತು ಪರ್ಸೆಂಟ್ ಸುಟ್ಟು ಹೋಗಿರುತ್ತದೆ. ಪವರ್ ಬಟನ್ ಒಮ್ಮೆ ಒತ್ತಿ ಸ್ಲೀಪ್‌ಗೆ ಹಾಕಿ. ಬಂದು ಒತ್ತಿದರೆ ಆಟ ಬಿಟ್ಟಲ್ಲೇ ಇರುತ್ತದೆ. ಈ ಒಂದು ಅಭ್ಯಾಸ ಎಲ್ಲ ಗುಬುಟುಗಳಿಗಿಂತ ದೊಡ್ಡದು ಅಂತ ನನ್ನ ಅಂಬೋಣ.

ಸೆಖೆಯದ್ದು ಬೇರೆಯೇ ಕಥೆ. ಡೆಕ್ ಸರಿಯಾಗಿ ಓಡಲು ಸುತ್ತಲಿನ ಗಾಳಿ 35 ಡಿಗ್ರಿ ಒಳಗಿರಬೇಕು ಅಂತ ಅದನ್ನು ಮಾಡಿದ ವಾಲ್ವ್ ಕಂಪನಿಯವರೇ ಹೇಳಿದ್ದಾರೆ. ಏಪ್ರಿಲ್‌ನಲ್ಲಿ ಬಳ್ಳಾರಿ, ರಾಯಚೂರು, ಕಲಬುರಗಿಯಲ್ಲಿ ಮಧ್ಯಾಹ್ನ 40 ದಾಟಿರುತ್ತದೆ. ಫ್ಯಾನ್ ಜೋರಾಗಿ ಓಡುತ್ತದೆ, ಆ ಫ್ಯಾನಿಗೂ ಬ್ಯಾಟರಿಯೇ ಬೇಕು, ಚಿಪ್ ಬಿಸಿಯಾದಷ್ಟೂ ಅದೇ ಕೆಲಸಕ್ಕೆ ಇನ್ನೊಂದಿಷ್ಟು ಕರೆಂಟ್ ಸೋರುತ್ತದೆ. ಅದಕ್ಕಿಂತ ಮುಖ್ಯ, ಬಿಸಿ ಅನ್ನೋದು ಬ್ಯಾಟರಿಯ ಆಯಸ್ಸನ್ನೇ ತಿನ್ನುತ್ತದೆ. ಬಿಸಿಯಲ್ಲಿ ನೂರಕ್ಕೆ ನೂರು ಚಾರ್ಜ್ ತುಂಬಿಸಿ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುದಿಯಾಗುತ್ತದೆ. ಸದಾ ಚಾರ್ಜರಿಗೆ ಸಿಕ್ಕಿಸಿಕೊಂಡೇ ಆಡುವವರು 80 ಪರ್ಸೆಂಟಿಗೆ ನಿಲ್ಲುವ ಹಾಗೆ ಮಾಡಿಕೊಳ್ಳೋದು ಒಳ್ಳೇದು. 2025ರ ಅಪ್‌ಡೇಟ್‌ನಲ್ಲಿ ಡೆಕ್‌ಗೆ ಆ ಸೆಟ್ಟಿಂಗ್ ಬಂತು. ಸ್ವಿಚ್ 2ರಲ್ಲೂ 90ರ ಹತ್ತಿರ ನಿಲ್ಲಿಸುವ ಆಯ್ಕೆ ಇದೆ. ಇನ್ನು ಪೂರ್ತಿ ಖಾಲಿ ಮಾಡಿ ಬೀರುವಿನಲ್ಲಿ ಇಡೋದೂ ತಪ್ಪು. ಬಳಸದಿದ್ದರೂ ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ ಅಂತ ನಿಂಟೆಂಡೊ ಹೇಳುತ್ತದೆ.

ಬೀರು ಅಂದಾಗ ಗೆಳೆಯನ ಪಿಎಸ್‌ಪಿ ನೆನಪಾಗುತ್ತದೆ. ಮನೆ ಬದಲಾಯಿಸುವಾಗ ಸಿಕ್ಕಿತು. ಹಿಂದಿನ ಮುಚ್ಚಳ ಒಂದು ಕಡೆ ಎದ್ದಿತ್ತು. ತೆಗೆದರೆ ಬ್ಯಾಟರಿ ಪೂರಿಯಾಗಿ ಊದಿಕೊಂಡಿತ್ತು. ಒತ್ತಬಾರದು, ಚುಚ್ಚಬಾರದು, ಕಸದ ಬುಟ್ಟಿಗೆ ಹಾಕಬಾರದು, ಇ-ವೇಸ್ಟ್ ತಗೊಳ್ಳುವವರಿಗೆ ಕೊಡಬೇಕು. ಪುಣ್ಯಕ್ಕೆ ಪಿಎಸ್‌ಪಿ ಬ್ಯಾಟರಿ ಉಗುರಲ್ಲಿ ಎತ್ತಿದರೆ ಆಚೆ ಬರುತ್ತದೆ, ಮೆಷಿನ್ ಉಳಿಯಿತು. ಹೊಸ ಬ್ಯಾಟರಿ ಅಂತ ಒಂದು ಅಂಗಡಿಯಲ್ಲಿ ಕೊಂಡದ್ದರ ಮೇಲೆ ದಪ್ಪಕ್ಷರದಲ್ಲಿ 3600 ಅಂತ ಬರೆದಿತ್ತು. ಮೂಲ ಬ್ಯಾಟರಿ ಇದ್ದದ್ದು 1800. ಎರಡರಷ್ಟು ಶಕ್ತಿ ಅನ್ನುವ ಈ ಬ್ಯಾಟರಿ ಕೈಯಲ್ಲಿ ಹಿಡಿದರೆ ಹಳೇದಕ್ಕಿಂತ ಹಗುರ! ಗಂಟೆಯೊಳಗೆ ಆರಿಹೋಯಿತು. ಬ್ಯಾಟರಿ ಕೊಳ್ಳುವಾಗ ಲೇಬಲ್ ಓದಬೇಡಿ, ತೂಕ ನೋಡಿ. ನನ್ನ ಡೆಕ್‌ನಲ್ಲಿ ಬ್ಯಾಟರಿಯನ್ನು ಗಟ್ಟಿಯಾಗಿ ಅಂಟು ಹಾಕಿ ಕೂರಿಸಿದ್ದಾರೆ. ಇಲ್ಲಿ ಸರ್ವಿಸ್ ಸೆಂಟರೂ ಇಲ್ಲ. 80ಕ್ಕೆ ನಿಲ್ಲಿಸುವ ಆಸೆ ನನಗೆ ಅದಕ್ಕೇ ಜಾಸ್ತಿ. ಯುರೋಪ್ ಒಕ್ಕೂಟದಲ್ಲಿ 2027ರ ಫೆಬ್ರವರಿಯಿಂದ ಇಂಥ ಬ್ಯಾಟರಿಗಳನ್ನು ಬಳಸುವವರೇ ತೆಗೆದು ಹಾಕುವಂತಿರಬೇಕು ಅನ್ನುವ ನಿಯಮ ಜಾರಿಗೆ ಬರುತ್ತದೆ. ಅದರ ಫಲ ಸುತ್ತಿ ಬಳಸಿ ನಮಗೂ ಬರಬಹುದು.

ಪವರ್ ಬ್ಯಾಂಕ್ ಇಟ್ಟುಕೊಂಡರೆ ಆಯ್ತಲ್ಲ ಅಂತ ಕೇಳುತ್ತಾರೆ. 20,000 ಎಂಎಎಚ್ ಅನ್ನೋದನ್ನು 3.7 ವೋಲ್ಟಿನಿಂದ ಗುಣಿಸಿದರೆ 74 ವ್ಯಾಟ್-ಅವರ್. ದಾರಿಯಲ್ಲಿ ಸೋರಿ ಅರವತ್ತು ತಲುಪಿದರೂ ಡೆಕ್‌ಗೆ ಒಂದೂವರೆ ಸಲ ತುಂಬಿಸಬಹುದು. ವಿಮಾನದಲ್ಲಿ 100 ವ್ಯಾಟ್-ಅವರ್‌ವರೆಗೆ ಪರವಾಗಿಲ್ಲ, ಕೈಚೀಲದಲ್ಲೇ ಇರಬೇಕು. ಆದರೆ ಎಷ್ಟು ತುಂಬಿದೆ ಅನ್ನುವುದಕ್ಕಿಂತ ಎಷ್ಟು ವೇಗವಾಗಿ ಕೊಡುತ್ತದೆ ಅನ್ನೋದು ಮುಖ್ಯ. ಡೆಕ್ ಜೊತೆ ಬರುವ ಚಾರ್ಜರ್ 45 ವ್ಯಾಟಿನದು. ಬಸ್ಸಿನ ಸೀಟಿನ ಪಕ್ಕದ ಯುಎಸ್‌ಬಿ ತೂತಿನಲ್ಲಿ ಐದು ವ್ಯಾಟ್ ಬಂದರೆ ದೊಡ್ಡದು. ದೊಡ್ಡ ಗೇಮ್ ಆಡುತ್ತಿದ್ದರೆ ಚಾರ್ಜರ್ ಚುಚ್ಚಿಯೂ ಪರ್ಸೆಂಟ್ ಇಳಿಯುತ್ತಲೇ ಇರುತ್ತದೆ. ಎಂಟು ವ್ಯಾಟಿನ ಗೇಮಿಗಾದರೆ ಅದೇ ಐದು ವ್ಯಾಟ್ ಊರು ಮುಟ್ಟಿಸುತ್ತದೆ.

2025ರ ಜೂನ್‌ನಲ್ಲಿ ಸ್ವಿಚ್ 2 ಬಂತು. ಬ್ಯಾಟರಿ 4310ರಿಂದ 5220 ಎಂಎಎಚ್‌ಗೆ ಏರಿದೆ. ಕಂಪನಿ ಕೊಡುವ ಲೆಕ್ಕ ಎರಡರಿಂದ ಆರೂವರೆ ಗಂಟೆ. ಅಂದರೆ ದೊಡ್ಡ ಬ್ಯಾಟರಿ ಹಾಕಿಕೊಂಡು 2017ರ ಮೊದಲ ಸ್ವಿಚ್‌ಗಿಂತ ಅರ್ಧ ಗಂಟೆ ಕೆಳಗೆ ಶುರುವಾಗುತ್ತದೆ. ಗೇಮ್ ಗೇರ್‌ನ ಮೂರು ಗಂಟೆಗೆ 1990ರಲ್ಲಿ ನಕ್ಕಿದ್ದರಲ್ಲ, ಪಾಪ. ಏಸುಸ್ ಕಂಪನಿಯ ಆರ್‌ಒಜಿ ಅಲೈ ಎಕ್ಸ್ ಅನ್ನುವ ಇದೇ ಥರದ ಮೆಷಿನ್‌ನಲ್ಲಿ 80 ವ್ಯಾಟ್-ಅವರ್ ಬ್ಯಾಟರಿ ಇದೆ, ನನ್ನ ಡೆಕ್‌ನ ಎರಡರಷ್ಟು. ಅದರಲ್ಲೂ ಚಿಪ್ಪಿಗೆ ಬೇಕಾದಷ್ಟು ತಿನ್ನಲು ಬಿಟ್ಟರೆ ಮೂರು ಗಂಟೆಯೊಳಗೆ ಮುಗಿಸುತ್ತದೆ. ಬ್ಯಾಟರಿ ಬೆಳೆದಷ್ಟೂ ಗೇಮ್‌ಗಳ ಹೊಟ್ಟೆಯೂ ಬೆಳೆಯುತ್ತದೆ. ಯಾರಿಗೂ ಯೊಕೊಯಿಯ ಹಾಗೆ ಬೇಡ ಅನ್ನುವ ಧೈರ್ಯ ಇಲ್ಲ, ಆ ಕೆಲಸವನ್ನು ನಮ್ಮ ಮೇಲೆ ಬಿಟ್ಟಿದ್ದಾರೆ.

ನಾನು ಈಗ ಮೂಲೆಯ ಆ ವ್ಯಾಟ್ ಅಂಕಿಯನ್ನು ಆಫ್ ಮಾಡಿಟ್ಟಿದ್ದೇನೆ. ಹೊಸ ಗೇಮ್ ಹಾಕಿದ ದಿನ ಒಂದೈದು ನಿಮಿಷ ಆನ್ ಮಾಡಿ, 40 ಫ್ರೇಮ್ ಮಿತಿ ಹಾಕಿ, ಬ್ರೈಟ್‌ನೆಸ್ ಅರ್ಧಕ್ಕೆ ತಂದು, ಮತ್ತೆ ಆಫ್. ಅಕ್ಕನ ಮಗ ಬಂದಾಗ ಅವನಿಗೊಂದು ಬೇರೆ ವ್ಯವಸ್ಥೆ: ಕಾರ್ ರೇಸಿಗೆ 60 ಫ್ರೇಮ್ ಬಿಟ್ಟುಕೊಡುತ್ತೇನೆ, ಬದಲಿಗೆ ವೈಫೈ ಆಫ್ ಇರಬೇಕು, ಪಾಜ್ ಮಾಡಿ ಊಟಕ್ಕೆ ಏಳುವಂತಿಲ್ಲ. ಬ್ರೈಟ್‌ನೆಸ್ ವಿಷಯದಲ್ಲಿ ಮಾತ್ರ ಇನ್ನೂ ರಾಜಿ ಆಗಿಲ್ಲ. "ಮಾವ, ಕಾಣ್ಸೋದೇ ಇಲ್ಲ" ಅಂತ ಅವನು ಏರಿಸುತ್ತಾನೆ, ಅವನು ನೀರು ಕುಡಿಯಲು ಹೋದಾಗ ನಾನು ಇಳಿಸುತ್ತೇನೆ.